ಸೊಂಟದ ಮೇಲೆ ಕೈ

ನಮ್ಮ ಕಡೆ ಹೆಣ್ಣುಮಗಳೊಬ್ಬಳು ಸೊಂಟದ ಮೇಲೆ ಎರಡೂ ಕೈಯಿಟ್ಟು ನಿಂತಳೆಂದರೆ ಓಣಿಯವರೆಲ್ಲ ಬಾಗಿಲಿಗೆ ಬರುತ್ತಾರೆ. ಜಗಳ ಶುರುವಾಯಿತೆಂದು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಕಡಗಂಚಿಯ ನಮ್ಮ ಮನೆಯಲ್ಲಂತೂ ನಾನು ಅಪ್ಪಿತಪ್ಪಿ ಹಾಗೆ ನಿಂತರೆ ಅವ್ವ ಕೈಯಲ್ಲಿದ್ದ ಸೌಟಿನಿಂದಲೇ ನನ್ನ ಮೊಣಕೈಗೆ ಶಿಷ್ಟಾಚಾರ ಕಲಿಸುತ್ತಿದ್ದಳು. ವಿಧಿಯ ವಿನೋದ ನೋಡಿ, ಅದೇ ಭಂಗಿಯನ್ನು ಜನರಿಗೆ ಕಲಿಸುವುದೇ ಈಗ ನನ್ನ ಉದ್ಯೋಗ.

ನಾನು ಎಕ್ಸ್‌ರೇ ತೆಗೆಯಲು ಕಲಿಯುತ್ತಿರುವವಳು. ಎದೆಯ ಚಿತ್ರಕ್ಕೆ ರೋಗಿ ನಮಗೆ ಬೆನ್ನು ಮಾಡಿ, ಎದೆಯನ್ನು ಹಲಗೆಗೆ ಒತ್ತಿ, ಗದ್ದವೆತ್ತಿ, ಸೊಂಟದ ಮೇಲೆ ಕೈಯಿಟ್ಟು ಮೊಣಕೈಗಳನ್ನು ಮುಂದಕ್ಕೆ ತಳ್ಳಬೇಕು. ಇಲ್ಲವಾದರೆ ಬೆನ್ನಿನ ರೆಕ್ಕೆಯೆಲುಬು ಶ್ವಾಸಕೋಶದ ಮೇಲೆ ಬಂದು ಕೂತು ನೋಡಬೇಕಾದ್ದನ್ನೇ ಮುಚ್ಚಿಬಿಡುತ್ತದೆ. ಪರೀಕ್ಷೆಯಲ್ಲಿ ಇದನ್ನು ಬರೆದು ಪೂರ್ಣಾಂಕ ಪಡೆದ ಪಂಡಿತೆ ನಾನು. ಆದರೆ ಪುಸ್ತಕ ಬರೆದ ಪುಣ್ಯಾತ್ಮನಿಗೆ ನೆಲೋಗಿಯ ಅತ್ತೆ-ಸೊಸೆಯರ ಪರಿಚಯವಿರಲಿಲ್ಲ.

ಅವರಿಬ್ಬರೂ ಬೆಳಗಿನ ಬಸ್ಸಿಗೆ ಜೇವರ್ಗಿಯ ನಮ್ಮ ಆಸ್ಪತ್ರೆಗೆ ಬಂದಿದ್ದರು. ಸೊಸೆಗೆ ಮೂರು ವಾರದ ಕೆಮ್ಮು. ಕ್ಷಯವಿರಬಹುದೆಂಬ ಅನುಮಾನ ವೈದ್ಯರಿಗೆ, ಭಯ ಆ ಹುಡುಗಿಗೆ. ಅತ್ತೆ ಕಿರಣ ತಡೆಯುವ ಸೀಸದ ಗಾಜಿನ ಹಿಂದೆ ನನ್ನ ಪಕ್ಕದಲ್ಲೇ ಠಿಕಾಣಿ ಹೂಡಿದರು. ಹೊರಗೆ ಹೋಗಿ ಎನ್ನಲು ನನಗೆ ಬಾಯಿ ಬರಲಿಲ್ಲ. ನಾನು ಸೊಂಟಕ್ಕೆ ಕೈಯಿಟ್ಟು ತೋರಿಸಿದೆ. ಅತ್ತೆ ಒಮ್ಮೆ ನೋಡಿದರು. ನನ್ನ ಕೈಗಳು ತಾವಾಗಿಯೇ ಇಳಿದವು. ಇನ್ನು ಅವರಿಗೆ ಬೆನ್ನು ತೋರಿಸಿ ಹಾಗೆ ನಿಲ್ಲಬೇಕಾದ ಸೊಸೆಯ ಪಾಡೇನು, ನೀವೇ ಹೇಳಿ. ನಾನು ಅವಳ ಕೈಗಳನ್ನು ಸರಿಯಾಗಿ ಇರಿಸಿ ಈಚೆ ಬಂದು ಗುಂಡಿ ಒತ್ತುವಷ್ಟರಲ್ಲಿ ಅವಳು ಕೈ ಇಳಿಸಿ ಸೆರಗು ಸರಿಪಡಿಸಿಕೊಂಡಿದ್ದಳು. ಚಿತ್ರದಲ್ಲಿ ರೆಕ್ಕೆಯೆಲುಬುಗಳೇ ರಾರಾಜಿಸಿದವು. ಸುಮ್ಮಸುಮ್ಮನೆ ಕಿರಣ ತಾಗಿಸಬಾರದು, ಇನ್ನೊಂದೇ ಸಲ, ಅದೂ ಕೆಟ್ಟರೆ ಹುಡುಗಿ ಕಲಬುರಗಿಗೆ ಹೋಗಬೇಕು, ನೀನೂ ಆಮೇಲೆ ಯಂತ್ರ ಮುಟ್ಟುವ ಹಾಗಿಲ್ಲ ಎಂದು ನನಗೆ ಕಲಿಸುವ ಹಿರಿಯರು ಗದರಿದರು. ನನಗೆ ಅಳುವೇ ಬಂತು.

ಎಲ್ಲವನ್ನೂ ಕೇಳಿಸಿಕೊಂಡ ಅತ್ತೆ ಗಾಜಿನ ಹಿಂದಿನಿಂದ ಹೊರಟು ಸೊಸೆಯ ಬಳಿ ಹೋದರು.

“ನಳದ ಮುಂದ ನನ್ನ ಬೆನ್ನ ಹಿಂದ ಹೆಂಗ ನಿಂದರತಿ, ಹಂಗ ನಿಂದರಬೇ. ನಾ ನೋಡಿಲ್ಲಂತ ಮಾಡೀಯೇನು?”

ಸೊಸೆಗೆ ನಗು ಬಂತು, ನಗುವಿನ ಹಿಂದೆಯೇ ಕೆಮ್ಮೂ ಬಂತು; ಅದು ನಿಂತ ಮೇಲೆ ಕೈಗಳು ಸೊಂಟಕ್ಕೆ ಎಷ್ಟು ಸಲೀಸಾಗಿ ಏರಿದವೆಂದರೆ, ಅದು ಬಹುಕಾಲದ ಸಾಧನೆಯೆಂದು ನನಗೂ ತಿಳಿಯಿತು. ಉಸಿರು ಹಿಡಿಯಲು ಹೇಳಿದೆ. ನನ್ನ ಪಕ್ಕಕ್ಕೆ ಮರಳಿದ್ದ ಅತ್ತೆಯೂ ಹಿಡಿದರು. ಒಳಗಿನದನ್ನು ಕಾಣುವವಳು ನಾನೊಬ್ಬಳೇ ಎಂದು ಅಷ್ಟು ದಿನ ಬೀಗುತ್ತಿದ್ದೆ. ಈಕೆ ಕಿರಣ-ಗಿರಣ ಏನೂ ಇಲ್ಲದೆ ನನಗಿಂತ ಚೆನ್ನಾಗಿ ಕಂಡಿದ್ದರು.

ಚಿತ್ರ ನಿರ್ಮಲವಾಗಿ ಬಂತು. ಶ್ವಾಸಕೋಶದಲ್ಲಿ ಏನೂ ಇಲ್ಲ, ಬರೀ ಕೆಮ್ಮು ಎಂದು ವೈದ್ಯರು ಹೇಳಿದಾಗ ಅತ್ತೆ ಆಚೆ ತಿರುಗಿ ಸೆರಗಿನಿಂದ ಕಣ್ಣೊರೆಸಿಕೊಂಡರು. ಈಚೆ ತಿರುಗಿದರೆ ಸೊಸೆ ಸಂತೋಷದಲ್ಲಿ ಮೈಮರೆತು ಸೊಂಟದ ಮೇಲೆ ಕೈಯಿಟ್ಟೇ ನಿಂತಿದ್ದಳು.

“ಫೋಟೋ ಆತಲ್ಲ, ಇನ್ನ ಕೈ ಇಳಸಬೇ,” ಎಂದರು.

ಆ ಸಂಜೆ ಅವ್ವನಿಗೆ ಕಥೆಯೆಲ್ಲ ಹೇಳಿ, ಅವಳ ಮುಂದೆಯೇ ಸೊಂಟದ ಮೇಲೆ ಕೈಯಿಟ್ಟು ನಿಂತು, ಇದು ವೃತ್ತಿಯ ಅಭ್ಯಾಸವೆಂದೆ. ಅವ್ವ ಸೌಟೆತ್ತಿಕೊಂಡು ನನ್ನ ಬೆನ್ನ ಹಿಂದೆ ಬಂದಳು. ನಾನು ಕಣ್ಣು ಮುಚ್ಚಿಕೊಂಡೆ. ಅವಳು ಅದೇ ಸೌಟಿನಿಂದ ನನ್ನ ಮೊಣಕೈಗಳನ್ನು ಇನ್ನಷ್ಟು ಮುಂದಕ್ಕೆ ತಳ್ಳಿದಳು.