ಮೋತ್ಯಾನ ಕುತ್ತಿಗೆಗೆ ಹಚ್ಚಿದ ಭಂಡಾರ

ಫೋಟೊ ತೆಗೆಯುವ ಅಣ್ಣನ ಎಡಗಣ್ಣಿನ ಸುತ್ತ ಮಾತ್ರ ಸುಕ್ಕುಗಳಿದ್ದವು. ಮುಖದ ಬಲಗಡೆ ನಲವತ್ತರ ಗಂಡಸಿನದು, ಎಡಗಡೆ ಅರವತ್ತು ದಾಟಿದ ಮುದುಕನದು. ಕ್ಯಾಮೆರಾಕ್ಕೆ ಬಲಗಣ್ಣು ಹಚ್ಚಿ ಎಡಗಣ್ಣನ್ನು ಹಿಂಡಿ ಮುಚ್ಚಿ ಮುಚ್ಚಿ ಹಾಗಾಗಿತ್ತು. ಚಹಾ ಕುಡಿಯುವಾಗಲೂ, ರೊಟ್ಟಿ ಮುರಿಯುವಾಗಲೂ ಆ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತಿತ್ತು. ಓಣಿಯ ಹುಡುಗರು ಒಂದು ಕಣ್ಣು ಮುಚ್ಚಿಕೊಂಡು ಅವರ ಹಿಂದೆ ಹಿಂದೆ ನಡೆದು ಅಣಕಿಸಿದರೆ, ತಿರುಗಿ ನೋಡದೆಯೇ, "ಲೇ, ಎರಡನೇದೂ ಮುಚ್ಚಿ ನಡೀರಿ, ಮುಂದ ಗಟಾರ ಐತಿ" ಅನ್ನುತ್ತಿದ್ದರು.

ಜತ್ತ ತಾಲೂಕಿನ ಸಂಖ ಊರಿನಲ್ಲಿ ನಮ್ಮ ಓಣಿಯ ತುದಿಗೆ ಅವರ ಫೋಟೊ ಸ್ಟುಡಿಯೊ. ಹಿಂದಿನ ಕೋಣೆಯಲ್ಲೇ ಅವರ ಅಡುಗೆ, ನಿದ್ದೆ. ಹೆಂಡತಿ ಬೇಗ ತೀರಿಕೊಂಡಿದ್ದರು. ನನ್ನ ಗಂಡ ಕುರಿ ಹೊಡೆದುಕೊಂಡು ಹೊರಟರೆ ಎಷ್ಟೋ ತಿಂಗಳು ಊರಿಗೆ ಬರುವುದಿಲ್ಲ. ಮನೆಯಲ್ಲಿ ನಾನು, ಅತ್ತೆ, ಸಾಲಿಗೆ ಹೋಗುವ ಮಗಳು. ಗ್ಯಾಸು ತರಿಸುವುದಿರಲಿ, ತಹಸೀಲ ಕಚೇರಿಯ ಕಾಗದ ಓದಿಸುವುದಿರಲಿ, ನಾನು ಹೋಗುತ್ತಿದ್ದುದು ಅವರ ಬಾಗಿಲಿಗೆ. ನಾನು ಅಣ್ಣಾ ಅನ್ನುತ್ತಿದ್ದೆ, ಅವರು ತಂಗಿ ಅನ್ನುತ್ತಿದ್ದರು. ಮಗಳಿಗೆ ಅವರು ಮಾಮಾ.

ವಾರವೆಲ್ಲ ಸಾಲಿ ಮಕ್ಕಳ ಫೋಟೊ, ಲಗ್ನದ ಫೋಟೊ. ರವಿವಾರ ಮಾತ್ರ ಅಂಗಡಿಯ ಬಾಗಿಲು ಎಳೆದು, ಕ್ಯಾಮೆರಾ ಕೊರಳಿಗೆ ಹಾಕಿಕೊಂಡು ಪಡುವಣ ಗುಡ್ಡಕ್ಕೆ ಹೋಗುವರು. ಜೊತೆಗೆ ಮೋತ್ಯಾ. ಅದು ಕಾರವಾನಿ ನಾಯಿ, ಬೇಟೆಯ ತಳಿ. ಉದ್ದ ಕಾಲು, ಒಳಕ್ಕೆ ಅಂಟಿದ ಹೊಟ್ಟೆ, ಬೂದಿ ಬಣ್ಣ. ಅವರು ಕ್ಯಾಮೆರಾ ಎತ್ತಿದರೆ ಅದು ಉಸಿರು ಸಹ ಸಣ್ಣಗೆ ಬಿಡುತ್ತಿತ್ತು. ಇಳಿಸಿದ ಮೇಲೆಯೇ ಮೈ ಕೊಡವುವುದು. ಗುಡ್ಡದಿಂದ ಅವರು ತರುತ್ತಿದ್ದುದು ಬರೀ ಕಲ್ಲು, ಒಣ ಹುಲ್ಲು, ಆಕಾಶ. ಎಲ್ಲೋ ಒಮ್ಮೆ ಹಾರುವ ಹದ್ದು. ತೋಳದ ಒಂದು ಫೋಟೊ ತೆಗೆಯಬೇಕೆಂದು ಎಷ್ಟೋ ವರ್ಷ ಅಲೆದಿದ್ದರು. ಒಂದು ಸಲ ಬಾಲ ಸಿಕ್ಕಿತ್ತು, ಇನ್ನೊಂದು ಸಲ ಧೂಳು.

"ತಮ್ಮಾ, ಆ ಕಲ್ಲಿನ ಫೋಟೊ ಯಾರ ತಗೋತಾರೋ?" ಎಂದು ನನ್ನ ಅತ್ತೆ ಕೆಣಕುವರು.

"ಆಯಿ, ಕಲ್ಲ ಕಣ್ಣ ಮಿಟಕಸೂದಿಲ್ಲ ನೋಡ್ರಿ. ನಿಮ್ಮ ಫೋಟೊ ತಗೀಬೇಕಂದ್ರ ನಾಕ ಸಲ ತಗೀಬೇಕ."

ಫೋಟೊ ನೋಡುವುದರಲ್ಲಿ ಅವರದೊಂದು ಕ್ರಮವಿತ್ತು. ಕಂಪ್ಯೂಟರಿನ ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ, ಮೊದಲು ಮೂಲೆಗಳನ್ನು ನೋಡುವರು. ಮೂಲೆಯಿಂದ ಅಂಚು, ಅಂಚಿನಿಂದ ಒಳಗೆ. ಕಟ್ಟಕಡೆಗೆ ಮದುಮಗಳ ಮುಖ. "ಮೂಲಿಯಿಂದ ಬರಬೇಕ ತಂಗಿ. ನಡುವಿಂದು ಯಾವಾಗಲೂ ಚಂದ ಕಾಣತೈತಿ" ಅನ್ನುವರು. ಹೀಗೆ ನೋಡಿಯೇ ಬೀಗರ ಬಿಚ್ಚಿದ ಗುಂಡಿ, ಮಂಟಪದ ಮೂಲೆಯಲ್ಲಿ ಮೂಗಿಗೆ ಬೆರಳು ಹಾಕಿದ ಪೋರ ಅವರ ಕಣ್ಣಿಗೆ ಬೀಳುತ್ತಿದ್ದುದು.

ನಮ್ಮ ಮನೆದೇವರು ಮೈಲಾರಲಿಂಗ. ನಾಯಿ ಅವನ ಜೊತೆಗಾರ. ರವಿವಾರ ಸಂಜೆ ಮೋತ್ಯಾ ಗುಡ್ಡದಿಂದ ಇಳಿದು ಬರುವ ಹೊತ್ತಿಗೆ ನಮ್ಮ ಓಣಿಯ ಹೆಂಗಸರು ತಾಟಿನಲ್ಲಿ ಹಾಲು, ಕೈಯಲ್ಲಿ ಭಂಡಾರ ಹಿಡಿದು ನಿಂತಿರುತ್ತಿದ್ದರು. ಭಂಡಾರವೆಂದರೆ ದೇವರ ಅರಿಶಿನ ಪುಡಿ. ನಾಯಿಯ ಹಣೆಗೆ ಅದನ್ನು ಹಚ್ಚಿ, ಅದು ಹಾಲು ಕುಡಿದ ಮೇಲೆಯೇ ನಮ್ಮ ಮನೆಗಳಲ್ಲಿ ಒಲೆ ಹೊತ್ತುವುದು. ನಮ್ಮ ಅತ್ತೆ ಇದನ್ನು ಒಂದು ವಾರವೂ ತಪ್ಪಿಸಿದವರಲ್ಲ.

ನಾಲ್ಕು ವರ್ಷದ ಹಿಂದೆ, ದೀಪಾವಳಿ ಕಳೆದು ಹುಲ್ಲು ಬಿಳಿಚಿಕೊಂಡ ಒಂದು ರವಿವಾರ ಅಣ್ಣ ಗುಡ್ಡದಿಂದ ಬೇಗ ಇಳಿದು ಬಂದರು. ಮೋತ್ಯಾ ಅವರ ತೋಳಿನ ಮೇಲಿತ್ತು. ಕುತ್ತಿಗೆಯಲ್ಲಿ, ಕಿವಿಯ ಹಿಂದೆ ಹರಿದ ಗಾಯ. ಅಂಗಿ ರಕ್ತವಾಗಿತ್ತು, ಮುಖ ಮಾತ್ರ ಅರಳಿತ್ತು.

"ತ್ವಾಳ ಸಿಕ್ತು ತಂಗಿ! ಇಷ್ಟ ಹತ್ರ. ಹಾಡಹಗಲ ನನ್ನ ಎದುರಿಗೇ ಬಂತು. ಮೋತ್ಯಾ ಅಡ್ಡ ಬಿದ್ದ ತಡೀತು."

ಓಣಿಗೆ ಓಣಿಯೇ ಕೂಡಿತು. ತೋಳವನ್ನು ತಡೆದ ನಾಯಿ! ಕುರಿ ಕಾಯುವವರ ಊರಿನಲ್ಲಿ ಇದಕ್ಕಿಂತ ದೊಡ್ಡ ಮಾತು ಯಾವುದಿದೆ? ನಮ್ಮ ಅತ್ತೆ ದೇವರ ಮುಂದಿನ ಭಂಡಾರದ ಚೀಲವನ್ನೇ ತಂದರು. ಮುಷ್ಟಿ ಮುಷ್ಟಿ ಅರಿಶಿನವನ್ನು ಬರಿಗೈಯಿಂದ ಗಾಯಕ್ಕೆ ಒತ್ತಿದರು. ಉಳಿದ ಹೆಂಗಸರೂ ಒತ್ತಿದರು. ನನ್ನ ಮಗಳು ಬೆಳಿಗ್ಗೆ ಬಾರಿಹಣ್ಣಿಗೆ ಹೋಗಿ ಅಂಗೈಯನ್ನು ಮುಳ್ಳಿಗೆ ಗೀರಿಸಿಕೊಂಡು ಬಂದಿದ್ದಳು. ಅವಳೂ ಅದೇ ಕೈಯಿಂದ ಮೋತ್ಯಾನ ಕೊರಳು ಸವರಿದಳು. "ನೋಡ, ಹೆಂಗ ಸುಮ್ಮ ಕುಂತೈತಿ ಶಾಣ್ಯಾ" ಎಂದು ನಾನೇ ಹೊಗಳಿದೆ.

ಮರುದಿನ ಬೆಳಿಗ್ಗೆ ಮಗಳ ಸಾಲಿಗೆ ಬೇಕಾದ ಫೋಟೊ ತೆಗೆಸಲು ಸ್ಟುಡಿಯೊಗೆ ಹೋದೆ. ತೋಳದ ಫೋಟೊ ಆಗಲೇ ಪರದೆಯ ಮೇಲಿತ್ತು. ಬಾಗಿಲಲ್ಲಿ ನಿಂತವರೆಲ್ಲ ಭಾಳ ಚಲೋ ಬಂದೈತಿ ಅನ್ನುತ್ತಿದ್ದರು. ನಿಜಕ್ಕೂ ಹಾಗಿತ್ತು: ಬಿಳಿ ಹುಲ್ಲಿನ ನಡುವೆ ನೇರವಾಗಿ ನಮ್ಮನ್ನೇ ನೋಡುವ ತೋಳ, ಅರ್ಧ ತೆರೆದ ಬಾಯಿ. ಅಂಗಡಿಯ ಗಾಜಿನಲ್ಲಿ ತೂಗುಹಾಕಲು ದೊಡ್ಡದಾಗಿ ಅಚ್ಚು ತೆಗೆಯಬೇಕೆಂದು ಅಣ್ಣ ಕುಳಿತಿದ್ದರು. ರೂಢಿಯಂತೆ ಮೂಲೆಗೆ ಹೋದರು.

ಕೆಳಗಿನ ಎಡ ಮೂಲೆಯಲ್ಲಿ ಒಂದು ಆಡು ಇತ್ತು. ಅದರ ಹೊಟ್ಟೆಯ ಕೆಳಗೆ ಎರಡು ಮರಿ, ಹುಲ್ಲಿಗೆ ಬಾಯಿ ಹಾಕಿಕೊಂಡು. ತೋಳ ಅವುಗಳ ಮಗ್ಗುಲಿಗೇ ಹಾದು ಬಂದಿತ್ತು.

ಅವರ ಎಡಗಣ್ಣು ತೆರೆದುಕೊಂಡಿತು. ಕೆಲಸದ ಹೊತ್ತಿನಲ್ಲಿ ಆ ಕಣ್ಣು ತೆರೆದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಮರಿ ಬಿಟ್ಟ ನನ್ನ ಕಡೆ ಯಾಕ ಬಂತು?" ಎಂದರು, ಯಾರಿಗೂ ಅಲ್ಲ. ಆಮೇಲೆ ತೋಳದ ಬಾಯಿಗೆ ಬಂದರು. ದೊಡ್ಡದು ಮಾಡಿದರು. ದವಡೆಯಿಂದ ಜೊಲ್ಲು ಹಗ್ಗದ ಹಾಗೆ ಇಳಿದಿತ್ತು. ಹಲ್ಲಿನ ನಡುವೆ ಒಣ ಕಟ್ಟಿಗೆಯ ಚೂರು.

ಹಸಿದ ತೋಳ ಕಟ್ಟಿಗೆ ಕಚ್ಚುವುದಿಲ್ಲ, ಹುಚ್ಚು ಹಿಡಿದದ್ದು ಕಚ್ಚುತ್ತದೆ ಎಂದು ನಮ್ಮಲ್ಲಿ ಯಾರಿಗೂ ಹೇಳಿಕೊಡಬೇಕಿಲ್ಲ.

"ಈ ಜೊಲ್ಲ ಹತ್ತಿದ ಮೋತ್ಯಾನ ಗಾಯಕ್ಕ ನಿನ್ನಿ ಯಾರ್‍ಯಾರ ಕೈ ಹಚ್ಚೀರಿ?" ಎಂದರು ಅಣ್ಣ. ಯಾರೂ ಉತ್ತರ ಕೊಡುವ ಮೊದಲೇ ನನ್ನ ಮಗಳ ಕೈ ಹಿಡಿದು ಅಂಗೈ ತಿರುಗಿಸಿ ನೋಡಿದರು. ಮುಳ್ಳು ಗೀರಿದ ಗೆರೆಯೊಳಗೆ ಅರಿಶಿನ ಇನ್ನೂ ಹಳದಿಯಾಗಿ ಉಳಿದಿತ್ತು.

ನಳದ ಕೆಳಗೆ ನಿಲ್ಲಿಸಿ ಸಾಬೂನು ಹಚ್ಚಿ ತೊಳೆದರು, ತೊಳೆದರು. "ಮಾಮಾ, ಉರೀತೈತ್ರಿ" ಎಂದು ಅವಳು ಅತ್ತರೂ ಬಿಡಲಿಲ್ಲ. ಜೀಪು ಕರೆಸಿ ಕೈ ಹಚ್ಚಿದವರೆಲ್ಲ ಜತ್ತದ ದವಾಖಾನಿಗೆ ಹೊರಡಬೇಕೆಂದು ಮನೆ ಮನೆಗೆ ಹೋಗಿ ಹೇಳಿದರು. ಬೈಸಿಕೊಂಡರು. ಎಲ್ಲರೂ ಹೊರಟರೂ ನಮ್ಮ ಅತ್ತೆ ಮಾತ್ರ ಹೊಸ್ತಿಲ ಮೇಲೆ ಕುಳಿತವರು ಏಳಲಿಲ್ಲ.

"ಮೈಲಾರನ ನಾಯಿ ಅದು. ಅವನ ಭಂಡಾರ ಹಚ್ಚೇನಿ. ಅದರ ಮ್ಯಾಲ ಸೂಜಿ ಚುಚ್ಚಿಸಿಕೊಳ್ಳಲೇನು? ಹೋಗೋ, ನಿನಗ ಹುಚ್ಚ ಹಿಡದೈತಿ."

ಅಣ್ಣ ಎದುರಿಗೆ ಕುಕ್ಕರಗಾಲಲ್ಲಿ ಕುಳಿತರು. "ಖರೇ ಆಯಿ. ನಾಯಿ ದೇವರದು. ತ್ವಾಳ ಯಾರದು?"

ಅತ್ತೆ ಸುಮಾರು ಹೊತ್ತು ತಮ್ಮ ಹಳದಿ ಉಗುರುಗಳನ್ನೇ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಆ ಹಸರ ಸೀರಿ ತಾರವಾ. ಜತ್ತಕ್ಕ ಹೋಗಾಕ ಇದ ಚಲೋ ಕಾಣೂದಿಲ್ಲ" ಅಂದರು.

ಸೂಜಿಗಳಾದವು. ಮತ್ತೆ ಮತ್ತೆ ಹೋಗಬೇಕಿತ್ತು. ಪ್ರತಿ ಸಲವೂ ಜೀಪಿನಲ್ಲಿ ಎಲ್ಲರನ್ನೂ ಎಣಿಸಿ ಹತ್ತಿಸಿದವರು ಅಣ್ಣ. ತಾವೂ ಚುಚ್ಚಿಸಿಕೊಂಡರು. ದನದ ಡಾಕ್ಟರರು ಮೋತ್ಯಾನಿಗೂ ಸೂಜಿ ಹಾಕಿದರು. ಆದರೆ, "ಗಾಯ ತಲೀ ಹತ್ರ ಐತ್ರಿ. ಭರವಸೆ ಕೊಡಲಾರೆ. ಬಿಡಬ್ಯಾಡ್ರಿ, ಮುಟ್ಟಬ್ಯಾಡ್ರಿ" ಎಂದು ಹೇಳಿ ಹೋದರು. ಊರ ಹೊರಗೆ ಬಿಟ್ಟುಹೋದ ಒಂದು ಕುರಿದೊಡ್ಡಿ ಇತ್ತು, ಎದೆಯೆತ್ತರ ಕಲ್ಲಿನ ಗೋಡೆಯದು. ಅಣ್ಣ ಗೋಡೆಯ ಮೇಲೆ ಮುಳ್ಳು ಹೇರಿ, ಮೋತ್ಯಾನನ್ನು ಸರಪಳಿ ಹಾಕಿ ಅಲ್ಲಿ ಕಟ್ಟಿದರು. ಉದ್ದ ಬಿದಿರ ಗಳದ ತುದಿಯಿಂದ ರೊಟ್ಟಿಯ ತಾಟು ಒಳಗೆ ತಳ್ಳುವರು. ಅದು ತಿನ್ನುವವರೆಗೆ ಹೊರಗೆ ನಿಂತು ಮಾತಾಡುವರು.

ಆ ದಿನಗಳಲ್ಲಿ ನಾನು ನಿದ್ದೆ ಮಾಡಿದ್ದು ಕಡಿಮೆ. ಹುಚ್ಚು ತಗುಲಿದವರ ಗಂಟಲಿಗೆ ನೀರು ಇಳಿಯುವುದಿಲ್ಲ ಎನ್ನುತ್ತಾರೆ. ಮಗಳು ಚರಿಗೆ ಎತ್ತಿದರೆ ಸಾಕು, ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಕೈ ನಿಲ್ಲುತ್ತಿತ್ತು. ಗುಟುಕು ಗಂಟಲಿಗೆ ಇಳಿದ ಸದ್ದು ಕೇಳಿದ ಮೇಲೆಯೇ ಮತ್ತೆ ಬಡಿಯುವುದು. ಅವಳು ನೀರು ಒಲ್ಲೆ ಎಂದರೆ ಚರಿಗೆ ಹಿಡಿದು ಅವಳ ಹಿಂದೆ ಹಿಂದೆ ತಿರುಗುತ್ತಿದ್ದೆ. ಸೂಜಿ ಹಾಕಿಸಿದ್ದೇವೆ, ಇನ್ನು ಭಯವಿಲ್ಲ ಎಂದು ಡಾಕ್ಟರರು ಹೇಳಿದ್ದರು. ಆ ಮಾತು ಬುದ್ಧಿಗೆ ಹೋಗಿತ್ತು, ಹೊಟ್ಟೆಗೆ ಇಳಿದಿರಲಿಲ್ಲ. ಅತ್ತೆ ಇದನ್ನೆಲ್ಲ ಗಮನಿಸಿದ್ದರು. ತಂಬಿಗೆ ಎತ್ತಿ ಗಟಗಟ ಕುಡಿದು, "ನೋಡಿದ್ಯಾ? ಮುದುಕಿನೂ ಕುಡೀತು. ಈಗರ ಪಲ್ಯಾ ಕೆಳಗಿಳಸ, ಸೀಯಾಕತ್ತೈತಿ" ಅನ್ನುತ್ತಿದ್ದರು.

ವಾರಗಳು ಕಳೆದವು. ಮೋತ್ಯಾನ ಗಾಯ ಮಾಯಿತು, ಅದರ ಮೇಲೆ ಹೊಸ ಕೂದಲು ಬಂತು. ಗೋಡೆಯಾಚೆಯಿಂದ ಹಣಿಕಿದವರಿಗೆ ಅದು ಬಾಲ ಅಲ್ಲಾಡಿಸುತ್ತಿತ್ತು. ಊರಿನ ಮಾತು ತಿರುಗಿತು. ನಾಯಿ ಚೊಕ್ಕಟ ಐತಿ, ಯಜಮಾನಗ ಹುಚ್ಚ ಹಿಡದೈತಿ ಅಂದರು. ಸೂಜಿ ಹಾಕಿಸಿಕೊಂಡು ತೋಳು ನೋಯುತ್ತಿದ್ದವರು ಅವರ ಅಂಗಡಿಯ ಮುಂದೆ ಹಾಯುವಾಗ ಬೇಕೆಂದೇ ಬೊಗಳಿದರು. ಮದುವೆಯ ಕೆಲಸಕ್ಕೆ ಜತ್ತದಿಂದ ಬೇರೆಯವರನ್ನು ಕರೆಸಿದರು. ಹೊಲದ ಹಿಂಗಾರಿ ಜೋಳ ಬಾಡಿದ್ದಕ್ಕೂ ದೇವರ ನಾಯಿಯನ್ನು ಕಟ್ಟಿಹಾಕಿದ್ದೇ ಕಾರಣ ಎನ್ನುವವರು ಹುಟ್ಟಿಕೊಂಡರು.

ಒಂದು ರವಿವಾರ ಸಂಜೆ ಓಣಿಯ ಹೆಂಗಸರು ಹಾಲಿನ ತಾಟು, ಭಂಡಾರ ಹಿಡಿದು ದೊಡ್ಡಿಗೇ ಹೊರಟರು. ಅತ್ತೆ ಹೋಗಲಿಲ್ಲ. ನಾನು ಹೋದೆ, ಏನಾಗುತ್ತದೋ ಎಂಬ ಹೆದರಿಕೆಯಿಂದ. ದೊಡ್ಡಿಯ ಬಾಯಿಗೆ ಅಣ್ಣ ಗಳ ಅಡ್ಡ ಹಿಡಿದು ನಿಂತಿದ್ದರು.

"ಸರೀರಿ ಅಣ್ಣಾರ, ದೇವರ ಸೇವಾ ತಡೀಬ್ಯಾಡ್ರಿ" ಎಂದಳು ನಮ್ಮ ಪಕ್ಕದ ಮನೆಯಾಕೆ. "ತಿಂಗಳ ಮ್ಯಾಲಾತು. ಏನಾಗೇತಿ ಅದಕ್ಕ? ನಮಗೆಲ್ಲಾ ಸುಮ್ಮನ ಸೂಜಿ ಚುಚ್ಚಿಸಿ, ಈಗ ನಾಯೀನೂ ಕಟ್ಟಿ ಸಾಯಸ್ತೀರೇನು?"

"ನನ್ನ ಬೈರಿ ಅಕ್ಕಾರ. ಬೇಕಾದ್ರ ಹೊಡೀರಿ. ಒಳಗ ಮಾತ್ರ ಹೋಗಬ್ಯಾಡ್ರಿ."

"ದೊಡ್ಡ ಶಾಣ್ಯಾ!" ಎಂದು ಆಕೆ ಗಳಕ್ಕೆ ಕೈ ಹಾಕಿದಳು.

ಆಗ ಒಳಗಿನಿಂದ ದನಿ ಬಂತು. ಬೊಗಳಿದ್ದಲ್ಲ, ಊಳಿಟ್ಟದ್ದೂ ಅಲ್ಲ. ಶುರುವಿಗೆ ನಾಯಿಯದಾಗಿದ್ದ ದನಿ ನಡುವೆ ಒಡೆದು, ಗಂಟಲು ಹಿಸುಕಿದ ಹಾಗೆ ಮೇಲೇರಿ, ಅಲ್ಲೇ ತುಂಡಾಯಿತು. ಸರಪಳಿ ಜಗ್ಗಿದ ಸದ್ದು. ಕಲ್ಲು ಕಚ್ಚಿದ ಸದ್ದು. ಪಕ್ಕದ ಮನೆಯಾಕೆಯ ಕೈ ಗಳದಿಂದ ಜಾರಿತು. ತಾಟಿನ ಹಾಲನ್ನು ದೇವರ ಹೆಸರಲ್ಲಿ ನೆಲಕ್ಕೆ ಚೆಲ್ಲಿ, ಒಬ್ಬರ ಸೆರಗು ಒಬ್ಬರು ಹಿಡಿದುಕೊಂಡು ಹಿಂದೆ ಸರಿದೆವು.

ಅಣ್ಣ ಮಾತ್ರ ಗೋಡೆಗೆ ಬೆನ್ನು ಕೊಟ್ಟು ಕುಳಿತರು. "ಆತು ಮೋತ್ಯಾ, ಆತು" ಅನ್ನುತ್ತಿದ್ದರು. ದನದ ಡಾಕ್ಟರರು ಬಂದು ಸೂಜಿ ಹಾಕಿ ಮೋತ್ಯಾನ ನೋವು ಮುಗಿಸುವವರೆಗೂ ಆ ಗೋಡೆ ಬಿಟ್ಟು ಏಳಲಿಲ್ಲ, ಒಳಗೂ ಹೋಗಲಿಲ್ಲ.

ಅದಾದ ಮೇಲೆ ಜನ ಮತ್ತೆ ಅವರ ಅಂಗಡಿಗೆ ಬಂದರು. ಬೊಗಳಿದವರೇ ಮಕ್ಕಳನ್ನು ಕಾಲಿಗೆ ಬೀಳಿಸಿದರು. ಅವರು ಮದುವೆಗೆ ಹೋಗುತ್ತಿದ್ದರು, ನಗುತ್ತಿದ್ದರು. ಗುಡ್ಡದ ಹಾದಿ ಮಾತ್ರ ಮತ್ತೆ ತುಳಿಯಲಿಲ್ಲ. ರವಿವಾರವೂ ಅಂಗಡಿಯ ಬಾಗಿಲು ತೆರೆದಿರುತ್ತಿತ್ತು.

ಹೋದ ಚಳಿಗಾಲದಲ್ಲಿ ಅವರು ಎದೆನೋವಿಗೆ ಹಾಸಿಗೆ ಹಿಡಿದರು. ದಿನವೂ ಅಂಬಲಿ ಮಾಡಿಕೊಂಡು ಹೋಗುತ್ತಿದ್ದೆ. ಒಂದು ಮಧ್ಯಾಹ್ನ, ನಿಮ್ಮ ಋಣ ಹೆಂಗ ತೀರಸ್ಲಿ ಅಣ್ಣಾ ಅಂದೆ. ಅವರು ಗೋಡೆಯ ಕಡೆ ನೋಡುತ್ತ ಮಾತಾಡಿದರು.

"ಆವತ್ತ ಕಾಲ ಬುಡಕ ಎಷ್ಟೊಂದ ಕಲ್ಲ ಬಿದ್ದಿದ್ದುವು ತಂಗಿ. ಒಂದ ಒಗದಿದ್ರ ತ್ವಾಳ ತಿರಗತಿತ್ತು. ಮೋತ್ಯಾ ನನ್ನ ಮಾರಿ ನೋಡ್ತು. ಕ್ಯಾಮೆರಾ ಇಳಸಲಿಲ್ಲ ನಾನು. ಅದನ್ನ ಕಚ್ಚೂವಾಗೂ ಬಟನ ಒತ್ತಕೋತ ನಿಂತಿದ್ದೆ."

ನನಗೆ ಏನಾದರೂ ಹೇಳಲೇಬೇಕಿತ್ತು. "ಹುಚ್ಚ ತ್ವಾಳ ಕಲ್ಲಿಗೆ ತಿರಗತಿರಲಿಲ್ಲ ಅಣ್ಣಾ, ಮೋತ್ಯಾನ ಕಚ್ಚೇ ಬಿಡತಿತ್ತು. ಫೋಟೊ ಇರದಿದ್ರ ತ್ವಾಳಗ ಹುಚ್ಚಂತ ಯಾರಿಗೂ ತಿಳೀತಿರಲಿಲ್ಲ. ನನ್ನ ಮಗಳ ಉಳೀತಿರಲಿಲ್ಲ. ಆಕಿ ಸಲುವಾಗಿ ಅಂತ ತಿಳಕೋರಿ."

ಸಾಯುವ ಮನುಷ್ಯ ಅಷ್ಟು ಸಮಾಧಾನ ತೆಗೆದುಕೊಂಡರೆ ಯಾರೂ ತಪ್ಪೆನ್ನುತ್ತಿರಲಿಲ್ಲ.

"ಇಲ್ಲ ತಂಗಿ" ಅಂದರು. "ಆ ಹೊತ್ತಿನ್ಯಾಗ ನಿನ್ನ ಮಗಳ ನೆನಪ ನನಗ ಇರಲಿಲ್ಲ."

ಅಂಬಲಿಯನ್ನು ಅರ್ಧಕ್ಕೇ ಬಿಟ್ಟು ಬಟ್ಟಲು ನನ್ನ ಕೈಗೆ ಕೊಟ್ಟರು. ಆ ವಾರವೇ ಹೋದರು.

ಅವರನ್ನು ಅಂಗಳಕ್ಕೆ ತಂದು ಮಲಗಿಸಿದಾಗ ನನ್ನ ಮಗಳು ಕಂಬ ಹಿಡಿದು ಓಣಿಗೆಲ್ಲ ಕೇಳುವ ಹಾಗೆ ಅತ್ತಳು. ಬೆಳೆದ ಹುಡುಗಿ ಹೀಗೆ ಬಾಯಿ ತೆಗೆಯಬಾರದು, ಸುಮ್ಮನಾಗಿಸು ಎಂದು ಬಳಗದವರು ನನ್ನ ಬೆನ್ನು ತಿವಿದರು. ಅವಳ ಗಂಟಲು ಒಣಗಿ ದನಿ ಬೀಳುವವರೆಗೂ ಅಳಲು ಬಿಟ್ಟೆ.