ಕಲಕಪ್ಪನ ಎಡಗೈ

ನನ್ನ ಷಡ್ಡಕ, ಅಂದರೆ ನನ್ನ ಹೆಂಡತಿಯ ಅಕ್ಕನ ಗಂಡ, ಬಣ್ಣದಂಗಡಿಯಲ್ಲಿ ಬಣ್ಣ ಕಲಕುತ್ತಲೇ ತಲೆ ಬೆಳ್ಳಗೆ ಮಾಡಿಕೊಂಡವನು. ಬೆಳ್ಳಗೆ ಅಂದರೂ ಅದರಲ್ಲಿ ಒಂದಿಷ್ಟು ಹಸಿರು, ಒಂದಿಷ್ಟು ನೀಲಿ ಇದ್ದೇ ಇರುತ್ತದೆ. ಅವನು ಇದುವರೆಗೆ ಕಲಕಿದ ಬಣ್ಣವನ್ನೆಲ್ಲ ಒಟ್ಟು ಮಾಡಿದ್ದರೆ ಚಂದ್ರನಿಗೆ ಎರಡು ಕೋಟು ಹೊಡೆದು, ಮಿಕ್ಕಿದ್ದರಲ್ಲಿ ನಮ್ಮ ಬೀದಿಯ ಗೇಟುಗಳಿಗೆಲ್ಲ ಬಳಿಯಬಹುದಿತ್ತು. ಕೆಲಸ ಮುಗಿಸಿ ಮನೆಗೆ ಬಂದರೂ ಆ ಬಲಗೈ ಸುಮ್ಮನಿರುವುದಿಲ್ಲ. ತನ್ನ ಚಹಾ ಕಲಕುತ್ತದೆ, ಪಕ್ಕದವರ ಚಹಾ ಕಲಕುತ್ತದೆ, ಏನೂ ಹಾಕದ ನೀರನ್ನೂ ಕಲಕುತ್ತದೆ. ಬಸ್ಸಿನಲ್ಲಿ ನಿದ್ದೆ ಹೋದರೂ ಕೊಡೆಯ ಹಿಡಿಕೆಯನ್ನು ಗರಗರ ತಿರುಗಿಸುತ್ತಿರುತ್ತದೆ. ಒಮ್ಮೆ ಆ ರಭಸಕ್ಕೆ ಬಸ್ಸು ನಿಲ್ದಾಣ ದಾಟಿ ಮುಂದೆ ಹೋಯಿತಂತೆ. ನಾನು ನೋಡಿಲ್ಲ. ಓಣಿಯ ಮಕ್ಕಳು ಅವನಿಗೆ ಕಲಕಪ್ಪ ಅಂತ ಹೆಸರಿಟ್ಟರು, ದೊಡ್ಡವರೂ ಹಾಗೇ ಕರೆಯತೊಡಗಿದರು.

ಕೇಳಿದರೆ ಅವನ ಹತ್ತಿರ ಒಂದೇ ಉತ್ತರ. "ಡಬ್ಬದಲ್ಲಿ ಅಸಲು ಬಣ್ಣ ತಳದಲ್ಲಿ ಕೂತಿರುತ್ತೆ ಕಣಯ್ಯಾ. ತಳದಲ್ಲಿ ಕೂತದ್ದು ತಾನಾಗಿ ಎದ್ದು ಬಂದಿದ್ದನ್ನ ನಾನಂತೂ ಕಂಡಿಲ್ಲ. ಎಬ್ಬಿಸಬೇಕು."

ಇಂಥವನ ಕೈಗೆ ಅವನ ಹೆಂಡತಿಯ, ಅಂದರೆ ನನ್ನ ಅತ್ತಿಗೆಯ, ಕಾಬ್ಲರ್ ಬಿತ್ತು.

ಕಾಬ್ಲರ್ ಅಂದರೆ ಕೇಕಿನ ದೂರದ ನೆಂಟ. ಕೇಕಿನಷ್ಟು ಜಂಬವಿಲ್ಲ. ಟ್ರೇಯಲ್ಲಿ ಬೆಣ್ಣೆ ಕರಗಿಸಬೇಕು. ಮೈದಾ, ಸಕ್ಕರೆ, ಬೇಕಿಂಗ್ ಪೌಡರ್, ಹಾಲು ಬೆರೆಸಿ ಅದರ ಮೇಲೆ ಹೊಯ್ಯಬೇಕು. ಡಬ್ಬಿಯ ಪೀಚ್ ಹಣ್ಣನ್ನು ಪಾಕದ ಸಮೇತ ಹಿಟ್ಟಿನ ಮೇಲೆ ಹಾಕಿ ಓವನ್ನಿಗೆ ತಳ್ಳಬೇಕು. ಕೆಳಗಿದ್ದ ಹಿಟ್ಟು ಹಣ್ಣನ್ನು ದಾಟಿ ಮೇಲೆದ್ದು ಕೆಂಪಗಾಗುತ್ತದೆ. ಇರುವುದು ಒಂದೇ ಕಟ್ಟಳೆ: ಟ್ರೇಗೆ ಬಿದ್ದ ಮೇಲೆ ಕಲಕುವಂತಿಲ್ಲ.

ಅತ್ತಿಗೆ ಗುಂಡಿ ಕಾರ್ಖಾನೆಯಲ್ಲಿ ಅಂಗಿಯ ಗುಂಡಿಗಳನ್ನು ಕಾರ್ಡಿಗೆ ಹೊಲಿಯುವವಳು. ಗುಂಡಿ ಕನಸಿನಲ್ಲೂ ಬಂದು ನಾಲ್ಕು ತೂತಿನಿಂದ ನನ್ನನ್ನೇ ನೋಡುತ್ತದೆ ಅನ್ನುತ್ತಾಳೆ. ಅದನ್ನು ಬಿಟ್ಟು ತನ್ನದೇ ಒಂದು ಕೆಲಸ ಮಾಡಬೇಕೆಂಬುದು ಅವಳ ಬಹುಕಾಲದ ಆಸೆ. ದೊಡ್ಡಾಸ್ಪತ್ರೆಯ ಕ್ಯಾಂಟೀನ್ ನೋಡಿಕೊಳ್ಳುವ ಹೆಂಗಸು, ಎಲ್ಲರೂ ಕ್ಯಾಂಟೀನ್ ಅಕ್ಕ ಅನ್ನುತ್ತಾರೆ, ಯಾರದೋ ಮನೆಯಲ್ಲಿ ಅತ್ತಿಗೆಯ ಕಾಬ್ಲರ್ ತಿಂದು ಹೇಳಿದ್ದಳು: "ಶನಿವಾರ ಸಂಜೆ ಬರ್ತೀನಿ, ಒಂದು ಟ್ರೇ ಮಾಡಿಡಿ. ಬೇಕರಿಯವನೂ ಒಂದು ಕೊಡ್ತಾನೆ. ಯಾವುದು ಹಿಡಿಸುತ್ತೋ ಅವರೇ ಸೋಮವಾರದಿಂದ ಕಳಿಸೋದು."

ಹಿಂದಿನ ದಿನ ಅತ್ತಿಗೆ ಅಟ್ಟದ ಮೇಲಿನ ಟ್ರೇ ತೆಗೆಯಲು ಸ್ಟೂಲು ಹತ್ತಿದಳು. ಟ್ರೇ ಇಳಿಯಿತು, ಅದರ ಜೊತೆ ಅವಳೂ ಇಳಿದಳು. ಬಲಗೈಗೆ ಪ್ಲಾಸ್ಟರ್, ಎಡಗೈಯ ಬೆರಳುಗಳು ಬದನೆಕಾಯಿಯ ಹಾಗೆ ಊದಿದವು. ನನ್ನ ಹೆಂಡತಿಗೆ ಶನಿವಾರ ಟಿಕೆಟ್ ಕೌಂಟರಿನ ಪಾಳಿ. ನನ್ನ ಕೈನಡುಕಕ್ಕೆ ತುಂಬಿದ ಲೋಟ ಕೊಟ್ಟರೆ ಅರ್ಧ ಲೋಟ ತಲುಪುತ್ತದೆ. ಉಳಿದವನು ಕಲಕಪ್ಪ.

ಶನಿವಾರ ಅತ್ತಿಗೆ ಅಡುಗೆಮನೆಯ ನಡುವೆ ಕುರ್ಚಿ ಹಾಕಿಸಿಕೊಂಡು, ಟ್ರಾಫಿಕ್ ಪೊಲೀಸಿನ ಹಾಗೆ ಪ್ಲಾಸ್ಟರ್ ಕೈ ಎತ್ತಿ ಕೂತಳು. ಹಿಟ್ಟು ಬೆರೆಸುವಾಗ ಷಡ್ಡಕ ಮೆರೆದುಬಿಟ್ಟ. ಭೂತಗನ್ನಡಿ ಹಿಡಿದರೂ ಒಂದು ಗಂಟು ಸಿಗುತ್ತಿರಲಿಲ್ಲ. ಬೆಣ್ಣೆಯ ಮೇಲೆ ಹೊಯ್ದ.

"ಈಗ ಕಲಕಬೇಡಿ," ಅಂದಳು ಅತ್ತಿಗೆ.

ಹಣ್ಣು ಹಾಕಿದ.

"ಈಗಲೂ ಕಲಕಬೇಡಿ."

"ಕಿವುಡನಾ ನಾನು?"

ಅಷ್ಟರಲ್ಲಿ ಹಾಲಿನವನು ಬಾಗಿಲು ಬಡಿದ. ಅತ್ತಿಗೆ ಅತ್ತ ಮುಖ ತಿರುಗಿಸಿ ಇತ್ತ ತಿರುಗಿಸುವುದರೊಳಗೆ ಸೌಟು ಟ್ರೇಯಲ್ಲಿ ಊರು ಸುತ್ತಿ ಬಂದಿತ್ತು.

ಓವನ್ನಿನಿಂದ ಹೊರಬಂದದ್ದು ಹಳದಿ ಹಲಗೆ. ಅದನ್ನು ಕುಯ್ಯುವ ಚಾಕು ಇನ್ನೂ ತಯಾರಾಗಿಲ್ಲ. ನಾನು ಒಂದು ಚೂರು ಬಾಯಿಗೆ ಹಾಕಿಕೊಂಡೆ, ಸಂಬಂಧ ಕೆಡಬಾರದಲ್ಲ.

"ಬೇಕಂತ ಮಾಡಿದ್ದಲ್ಲ ಕಣೇ," ಅಂದ ಷಡ್ಡಕ. "ಕೈ ತಾನೇ ಹೋಗ್ಬಿಡ್ತು."

"ಗೊತ್ತು," ಅಂದಳು. ಬೈದಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಅವಳು ಉಳಿದ ಒಂದೇ ಪೀಚ್ ಡಬ್ಬಿಯನ್ನು ನೋಡಿದಳು. "ಇದೂ ಹೋದರೆ ನಾನು, ನನ್ನ ಗುಂಡಿ."

ಷಡ್ಡಕ ಬಲಗೈಯನ್ನು ಜೇಬಿಗೆ ಹಾಕಿಕೊಂಡ. ಜೇಬಿನೊಳಗೆ ಕೀಲಿಕೈ ಗೊಂಚಲು ಗಲಗಲ ತಿರುಗುವುದು ಕೇಳಿಸಿತು. ಅತ್ತಿಗೆಗೂ ಕೇಳಿಸಿತು. ಅವಳು ಆ ಜೇಬನ್ನೇ ತುಸು ಹೊತ್ತು ನೋಡಿ ನನ್ನ ಕಡೆ ತಿರುಗಿದಳು. "ಹಿತ್ತಲಲ್ಲಿ ಗೇಟಿಗೆ ತಂದ ಬಣ್ಣದ ಡಬ್ಬ ಇದೆಯಲ್ಲ, ಅದನ್ನ ಕಿಟಕಿ ಹತ್ತಿರ ತನ್ನಿ. ಕೋಲೂ ಇರಲಿ. ಒಳಗೆ ತರಬೇಡಿ, ವಾಸನೆ."

ಹೀಗೆ ನಾನು ಅಡುಗೆಮನೆಯ ಕಿಟಕಿಯ ಹೊರಗೆ ಕಲ್ಲಿನ ಮೇಲೆ ಕೂತು, ಮೊಣಕಾಲುಗಳ ನಡುವೆ ಡಬ್ಬ ಒತ್ತಿ ಹಿಡಿದೆ. ಷಡ್ಡಕ ಕಿಟಕಿಗೆ ಒರಗಿ ನಿಂತು ಬಲಗೈ ಹೊರಗೆ ಚಾಚಿ ಬಣ್ಣ ಕಲಕತೊಡಗಿದ. ಎಡಗೈ ಒಳಗೆ ಉಳಿಯಿತು. ಆ ಎಡಗೈ ಹುಟ್ಟಿದಾಗಿನಿಂದ ಬರೀ ಡಬ್ಬ ಹಿಡಿದುಕೊಂಡಿದ್ದೇ ಹೊರತು ಯಾವ ಕಲಕಾಟಕ್ಕೂ ಹೋಗಿರಲಿಲ್ಲ, ಸಾಧು.

ಪಕ್ಕದ ಮನೆಯ ದರ್ಜಿ ಬೇಲಿಯಾಚೆಯಿಂದ ಇಣುಕಿದ. "ಏನು ನಡೀತಿದೆ?"

"ಅಡುಗೆ," ಅಂದೆ.

ಅವನು ಹಸಿರು ಬಣ್ಣ ನೋಡಿದ, ನನ್ನನ್ನು ನೋಡಿದ, ಊಟಕ್ಕೆ ಕರೆದಾರು ಅಂತ ಹೆದರಿ ಒಳಗೆ ಹೋದ.

ಬಲಗೈ ಮೊದಲೇ ಬೆರೆಸಿಟ್ಟಿದ್ದ ಹಿಟ್ಟನ್ನು ಎಡಗೈ ಹೊಯ್ದಿತು. ಎಡಗೈ ಹಣ್ಣು ಹಾಕಿತು. ಅಭ್ಯಾಸವಿಲ್ಲದ ಕೈ, ಹಣ್ಣೆಲ್ಲ ಟ್ರೇಯ ಒಂದೇ ಮಗ್ಗುಲಿಗೆ ದೊಪ್ಪನೆ ಬಿತ್ತು.

"ಸ್ವಲ್ಪ ಆ ಕಡೆ ಸರಿಸಲಾ?"

"ಮುಟ್ಟಬೇಡಿ. ಹಾಗೇ ಒಳಗಿಡಿ."

ಆಮೇಲಿನದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಷಡ್ಡಕ ಓವನ್ನಿನ ಗಾಜಿನ ಮುಂದೆ ನೆಲದಲ್ಲೇ ಕೂತ. ಪಕ್ಕದಲ್ಲಿ ನಾನೂ ಕೂತೆ. ಮೊದಲು ಏನೂ ಇಲ್ಲ. ಆಮೇಲೆ ಅಂಚಿನಲ್ಲಿ ಬೆಣ್ಣೆ ಗುಳುಗುಳು ಅಂದಿತು. ಒಂದು ಪೀಚ್ ಹೋಳಿನ ಪಕ್ಕದಿಂದ ಹಿಟ್ಟು ಮೆಲ್ಲಗೆ ತಲೆ ಎತ್ತಿತು. ಅದರ ಹಿಂದೆ ಇನ್ನೊಂದು ಕಡೆ. ಹಣ್ಣು ಹೊದಿಕೆ ಎಳೆದುಕೊಂಡವರ ಹಾಗೆ ಒಳಗೆ ಹೋಗುತ್ತಿತ್ತು.

"ಯಾರು ಎಬ್ಬಿಸ್ತಿದಾರೆ ಅದನ್ನ?" ಅಂತ ಪಿಸುಗುಟ್ಟಿದ.

"ಬೇಕಿಂಗ್ ಪೌಡರು," ಅಂದಳು ಅತ್ತಿಗೆ ಕುರ್ಚಿಯಿಂದ.

"ಕೋಲಿಲ್ಲದೆ?"

"ಕೋಲಿಲ್ಲದೆ."

ಅವನ ಬಲಗೈ ಮತ್ತೆ ಜೇಬು ಸೇರಿತ್ತು, ಆದರೆ ಕೀಲಿಕೈ ಗಲಗಲ ಅನ್ನುತ್ತಿರಲಿಲ್ಲ.

ಸಂಜೆ ಕ್ಯಾಂಟೀನ್ ಅಕ್ಕ ಬಂದಳು. ಟ್ರೇಯ ಒಂದು ಮಗ್ಗುಲಿನಿಂದ ಒಂದು ಚಮಚ, ಇನ್ನೊಂದು ಮಗ್ಗುಲಿನಿಂದ ಒಂದು ಚಮಚ ತಿಂದಳು.

"ಇದೇನಮ್ಮಾ, ಈ ಕಡೆ ಬರೀ ಹಣ್ಣು, ಆ ಕಡೆ ಬರೀ ಹಿಟ್ಟು?"

ಷಡ್ಡಕ ಬಾಯಿ ತೆರೆದ, ಅತ್ತಿಗೆ ಅವನ ಕಾಲು ತುಳಿದಳು.

ಕ್ಯಾಂಟೀನ್ ಅಕ್ಕ ಮತ್ತೆ ಎರಡೂ ಕಡೆ ಚಮಚ ಹಾಕಿದಳು. "ಬೇಕರಿಯವನು ಅಳತೆಪಟ್ಟಿ ಇಟ್ಟು ಮಾಡಿದ ಹಾಗೆ ತಂದಿದ್ದ. ಹಲ್ಲಿಲ್ಲದ ಅಜ್ಜಂದಿರು ಹಣ್ಣು ಹೆಕ್ಕಿಕೊಂಡು ಹಿಟ್ಟು ಬಿಟ್ಟರು, ವಾರ್ಡಿನ ಹುಡುಗರು ಗರಿಗರಿ ತಿಂದು ಹಣ್ಣು ಬಿಟ್ಟರು. ಇದಾದರೆ ಅವರವರ ಕಡೆಯಿಂದ ಕುಯ್ದು ಕೊಡ್ತೀನಿ. ಸೋಮವಾರದಿಂದ ಕಳಿಸಿ. ಆದರೆ ಹೀಗೇ ಇರಬೇಕು, ನೀಟಾಗಿ ಮಾಡ್ತೀನಿ ಅಂತ ಕೆಡಿಸಬೇಡಿ."

ಅವಳು ಗೇಟು ದಾಟುವವರೆಗೆ ಅತ್ತಿಗೆ ಉಸಿರು ಬಿಡಲಿಲ್ಲ. ಆಮೇಲೆ ಗಂಡನ ಎಡಗೈಯನ್ನು ತನ್ನ ಊದಿದ ಬೆರಳಿನಿಂದ ಒಮ್ಮೆ ಸವರಿದಳು. ಬಲಗೈ ಅಸೂಯೆಯಿಂದ ಮೇಜುಬಟ್ಟೆ ತಿರುಚುತ್ತಿತ್ತು.

ಅತ್ತಿಗೆ ಗುಂಡಿ ಬಿಟ್ಟಳು. ಪ್ಲಾಸ್ಟರ್ ಬಿಚ್ಚಿದ ಮೇಲೆ ತಾನೇ ಹಣ್ಣು ಹಾಕಿ ನೋಡಿದಳು. ಅಷ್ಟು ವರ್ಷ ಗುಂಡಿಗಳನ್ನು ಸಾಲಾಗಿ ಹೊಲಿದ ಕೈ, ಕಣ್ಣು ಮುಚ್ಚಿ ಎಸೆದರೂ ಹೋಳುಗಳು ಶಾಲೆಯ ಮಕ್ಕಳ ಹಾಗೆ ಸಾಲು ನಿಂತವು. ಹಾಗಾಗಿ ಈಗಲೂ ಅಂಗಡಿಗೆ ಹೋಗುವ ಮುಂಚೆ ಷಡ್ಡಕನೇ ಕಿಟಕಿಗೆ ಒರಗಿ ನಿಲ್ಲುತ್ತಾನೆ, ಬಲಗೈ ಹೊರಗೆ, ಎಡಗೈ ಒಳಗೆ. ಡಬ್ಬ ಹಿಡಿಯುವ ಕೆಲಸ ನನ್ನದು. ಗೇಟಿಗೆ ಇನ್ನೂ ಬಣ್ಣ ಬಿದ್ದಿಲ್ಲ.

ಮೊನ್ನೆ ಬಣ್ಣದಂಗಡಿಗೆ ಹೋಗಿದ್ದೆ. ಕಪಾಟಿನ ಮೂಲೆಯಲ್ಲಿ ಷಡ್ಡಕ ಒಂದು ಡಬ್ಬವನ್ನು ಕಲಕದೆ ಬೇರೆ ಇಟ್ಟಿದ್ದ. ಅಕ್ಕಪಕ್ಕ ನೋಡಿ ಮುಚ್ಚಳ ತೆಗೆದ. ಮೇಲೆ ಎಣ್ಣೆ ತಿಳಿಯಾಗಿ ನಿಂತಿತ್ತು, ಬಣ್ಣ ತಳದಲ್ಲಿತ್ತು.

"ಇನ್ನೂ ಎದ್ದಿಲ್ಲ," ಅಂದ. "ಬಿಸಿ ಸಾಲದು ಅನ್ಸುತ್ತೆ."

ನನಗೆ ಓವನ್ನಿನ ನೆನಪಾಯಿತು. ನೇರವಾಗಿ ಅತ್ತಿಗೆಯ ಹತ್ತಿರ ಹೋಗಿ ಹೇಳಿದೆ. ಅವಳು ಆವತ್ತಿನಿಂದ ಅಡುಗೆಮನೆಗೆ ಬೀಗ ಹಾಕುತ್ತಾಳೆ.