ಸಿಂಪಡಿಸುತ್ತೀರಾ ಎಂದಷ್ಟೇ ಕೇಳಿದ ಫಾರಂ

ಈ ವಿಷಯದಲ್ಲಿ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಆ ಸಿಟ್ಟಿನಲ್ಲಿ ಅರ್ಧ ನನ್ನ ಮೇಲೆಯೇ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಬಿ.ಎಸ್ಸಿ. ಮುಗಿಸಿ, ಬಸವಕಲ್ಯಾಣದ ಒಂದು ಸಣ್ಣ ಲ್ಯಾಬಿನಲ್ಲಿ ರಕ್ತ ತೆಗೆಯುವುದನ್ನು ಕಲಿತು ಕೂತಿದ್ದೆ. ಆಗ ದೂರದ ನಗರದ ಸಂಶೋಧನಾ ಸಂಸ್ಥೆಯೊಂದು ಹುಮನಾಬಾದಿನಲ್ಲಿ ಎರಡು ಕೋಣೆ ಬಾಡಿಗೆಗೆ ಹಿಡಿಯಿತು. ತೊಗರಿಗೆ ಹೊಡೆಯುವ ಕೀಟನಾಶಕ ಕಾಳಿನಲ್ಲಿ ಎಷ್ಟು ಉಳಿಯುತ್ತದೆ, ಹೊಲದಲ್ಲಿ ದುಡಿಯುವವರ ಮೈಗೆ ಎಷ್ಟು ಸೇರುತ್ತದೆ ಎಂದು ನೋಡುವುದು ಅವರ ಕೆಲಸ. ಇಲ್ಲಿನ ಮಾತು ಬಲ್ಲ, ಸೂಜಿ ಹಿಡಿಯಬಲ್ಲ ಹೆಣ್ಣುಮಗಳು ಬೇಕಾಗಿತ್ತು. ನಾನು ಸಿಕ್ಕೆ. ಬೆಳಿಗ್ಗೆ ಸಸ್ತಾಪುರ ಬಂಗ್ಲಾ ಕ್ರಾಸಿನಲ್ಲಿ ಬಸ್ ಹಿಡಿದು ಹುಮನಾಬಾದ್ ಮುಟ್ಟುತ್ತಿದ್ದೆ. ಅಲ್ಲಿಂದ ಐಸ್ ಪೆಟ್ಟಿಗೆ, ಫಾರಮ್ಮುಗಳ ಕಟ್ಟು ಹೊತ್ತು ದುಬಲಗುಂಡಿಯ ಬಸ್ಸು. ಪೆಟ್ಟಿಗೆ ತೊಡೆಯ ಮೇಲಿಟ್ಟುಕೊಂಡು ಕೂತರೆ ನಾನೂ ವಿಜ್ಞಾನದ ಒಂದು ಭಾಗ ಎನ್ನುವ ಹೆಮ್ಮೆ.

ತೊಗರಿಯ ಕಾಯಿಗೆ ಒಂದು ಫಾರಂ, ಮನುಷ್ಯರಿಗೆ ಒಂದು ಫಾರಂ ಇತ್ತು. ಕಾಯಿಯ ಫಾರಮ್ಮಿನಲ್ಲಿ ಏನೇನು ಕೇಳಿರಲಿಲ್ಲ! ಯಾವ ಔಷಧ, ಎಂದು ಹೊಡೆದದ್ದು, ಅಂದು ಗಾಳಿ ಯಾವ ಕಡೆಗಿತ್ತು, ಆಮೇಲೆ ಮಳೆ ಬಂತೇ, ಗಿಡದ ಮೇಲ್ತುದಿಯ ಕಾಯಿಯೋ ಕೆಳಗಿನದೋ. ಮನುಷ್ಯರ ಫಾರಮ್ಮಿನಲ್ಲಿ ವಯಸ್ಸು, ಊಟ, ಬೀಡಿ, ತಂಬಾಕು ಎಲ್ಲ ಆದಮೇಲೆ ಕೀಟನಾಶಕದ ಬಗ್ಗೆ ಇದ್ದದ್ದು ಒಂದೇ ಪ್ರಶ್ನೆ: ‘ನೀವು ಕೀಟನಾಶಕ ಸಿಂಪಡಿಸುತ್ತೀರಾ? ಹೌದು, ಇಲ್ಲ.’ ಹೌದು ಎಂದವರ ರಕ್ತದ ಟ್ಯೂಬಿಗೆ ಕೆಂಪು ಚೀಟಿ, ಇಲ್ಲ ಎಂದವರದಕ್ಕೆ ಹಸಿರು. ಹಸಿರು ಚೀಟಿಯವರು ವಿಷದ ಹತ್ತಿರ ಹೋಗದವರು, ಹೋಲಿಸಿ ನೋಡಲು ಇಟ್ಟುಕೊಂಡ ಗುಂಪು.

ದುಬಲಗುಂಡಿಯಲ್ಲಿ ಕೂಲಿ ಹೆಂಗಸರ ಒಂದು ಗುಂಪನ್ನು ಹೊಲಹೊಲಕ್ಕೆ ಕರೆದೊಯ್ಯುತ್ತಿದ್ದ ಮುದುಕಿಯೊಬ್ಬಳಿದ್ದಳು. ಎಲ್ಲರಿಗೂ ಅವಳು ಆಯಿ. ನನಗೂ ಆಯಿಯೇ ಆದಳು. ಮೊದಲ ದಿನ ಅವಳ ಅಂಗಳದಲ್ಲಿ ಕೂತು ಆ ಪ್ರಶ್ನೆ ಕೇಳಿದೆ.

“ನಾವ್ ಹೊಡಿಯಂಗಿಲ್ಲ ಯವ್ವಾ. ಪಂಪ್ ಬೆನ್ನಿಗಿ ಹಾಕ್ಕೊಂಡು ಗಂಡಸರ ಹೊಡಿತಾರ,” ಅಂದಳು.

ಇಲ್ಲ ಎಂಬಲ್ಲಿ ಗುರುತು ಹಾಕಿದೆ. ಉಳಿದ ಹೆಂಗಸರೂ ಅದನ್ನೇ ಅಂದರು. ಒಂದರ ಹಿಂದೊಂದು ಹಸಿರು ಚೀಟಿ ಅಂಟಿಸುತ್ತ ಹೋದೆ. ನನಗೆ ಒಂದಿಷ್ಟೂ ಸಂಶಯ ಬರಲಿಲ್ಲ. ಬಸವಕಲ್ಯಾಣದ ಪೇಟೆಯಲ್ಲಿ ಬೆಳೆದವಳು ನಾನು. ತೊಗರಿ ಕಂಡದ್ದು ಬೇಳೆಯಾದ ಮೇಲೆಯೇ.

ವಾರದ ನಂತರ ಆಯಿಯ ಸೊಸೆಯ ರಕ್ತ ತೆಗೆಯುವುದು ಉಳಿದಿತ್ತು. ಮನೆಯಲ್ಲಿ ಸಿಗಲಿಲ್ಲವೆಂದು ಹೊಲಕ್ಕೇ ಹೋದೆ. ಎದೆಯೆತ್ತರದ ತೊಗರಿಯೊಳಗೆ ಇಬ್ಬರು ಗಂಡಸರು ಪಂಪು ಹೊತ್ತು ಸಾಲು ಹಿಡಿದು ಹೊಡೆಯುತ್ತಿದ್ದರು. ಬದುವಿನ ಮೇಲೆ ಡ್ರಮ್ಮು. ಹೆಂಗಸರು ಬಾವಿಯಿಂದ ಕೊಡದಲ್ಲಿ ನೀರು ತಂದು ಅದಕ್ಕೆ ಸುರಿಯುತ್ತಿದ್ದರು. ಸೊಸೆ ಡ್ರಮ್ಮಿನ ಪಕ್ಕದಲ್ಲಿ ಬಕೆಟ್ಟಿನ ಮುಂದೆ ಕುಕ್ಕರುಗಾಲಲ್ಲಿ ಕೂತಿದ್ದಳು. ಬಳೆಗಳನ್ನು ಮೇಲಕ್ಕೆ ಸರಿಸಿ, ಮೊಣಕೈವರೆಗೆ ಕೈ ಮುಳುಗಿಸಿ, ಬಿಳಿ ನೀರನ್ನು ಕಲಸುತ್ತಿದ್ದಳು.

“ಏನ್ ಮಾಡಾಕತ್ತೀದಿ?” ಎಂದೆ, ಗಾಬರಿಯಿಂದ.

“ಎಣ್ಣಿ ಕಲಸಾಕತ್ತೀನ್ರಿ ಅಕ್ಕೋರೆ.” ನಮ್ಮ ಕಡೆ ಕೀಟನಾಶಕಕ್ಕೆ ಎಣ್ಣಿ ಎಂದೇ ಹೆಸರು.

“ಕೋಲಿಲ್ಲೇನು?”

“ಕೋಲಿಗಿ ಏನ್ ಗೊತ್ತಾಗ್ತದ್ರಿ? ತಳದಾಗ ಗಡ್ಡಿ ಕೂತಿರ್ತದ. ಗಡ್ಡಿ ಉಳದ್ರ ಪಂಪ್ ಕಟ್ಕೊಂತದ, ಮಾಲಕ ಬೈತಾನ. ಕೈಲೇ ಕಲಸಿದ್ರ ಬರೋಬರಿ ಆಗ್ತದ.”

ಅವಳ ಸೀರೆಯ ಮುಂಭಾಗ ಒದ್ದೆಯಾಗಿತ್ತು. ಬೇವಿನ ಗಿಡಕ್ಕೆ ಕಟ್ಟಿದ ಜೋಳಿಗೆಯಲ್ಲಿ ಆರು ತಿಂಗಳ ಕೂಸು ಅಳತೊಡಗಿತು. ಅವಳು ಕೊಡದ ನೀರಿನಲ್ಲಿ ಕೈ ಜಾಲಿಸಿ, ಸೆರಗಿಗೆ ಒರೆಸಿಕೊಂಡು, ಹೋಗಿ ಹಾಲು ಕುಡಿಸಿದಳು. ಆಚೆ ಇನ್ನೊಬ್ಬ ಹೆಂಗಸು ಹಿಂದಿನ ದಿನ ಹೊಡೆದ ಸಾಲಿನಿಂದ ಮಕ್ಕಳಿಗೆ ಕುದಿಸಿಕೊಡಲೆಂದು ಹಸಿಕಾಯಿ ಹರಿದು ಉಡಿಯಲ್ಲಿ ತುಂಬಿಕೊಳ್ಳುತ್ತಿದ್ದಳು.

ಕೂಸು ಮಲಗಿದ ಮೇಲೆ ಸೊಸೆ ಬಂದು ಕೈ ಚಾಚಿದಳು. ಸ್ಪಿರಿಟ್ಟಿನ ಹತ್ತಿಯಿಂದ ಎಷ್ಟು ಒರೆಸಿದರೂ ಆ ಕೈಯಿಂದ ವಾಸನೆ ಹೋಗಲಿಲ್ಲ. ರಕ್ತ ತೆಗೆದೆ. ಫಾರಂ ತೆರೆದು ಕೇಳಿದೆ: “ಸಿಂಪಡಿಸ್ತೀಯೇನು?” “ಇಲ್ರಿ.” ಪೆನ್ನು ಹಿಡಿದು ಒಂದು ನಿಮಿಷ ಕೂತೆ. ಆಮೇಲೆ ಇಲ್ಲ ಎಂದೇ ಗುರುತು ಹಾಕಿದೆ, ಹಸಿರು ಚೀಟಿ ಅಂಟಿಸಿದೆ. ಅಂಚಿನಲ್ಲಿ ಪೆನ್ಸಿಲಿನಿಂದ ‘ಕೈಯಿಂದ ಕಲಸುತ್ತಾಳೆ’ ಎಂದು ಬರೆದೆ. ನನ್ನ ಧೈರ್ಯ ಅಂದು ಅಷ್ಟೇ ಇತ್ತು.

ಐಸ್ ಪೆಟ್ಟಿಗೆ ಮುಚ್ಚುವಷ್ಟರಲ್ಲಿ ಅವಳು ಬದುವಿನ ಮೇಲೆ ವಾಂತಿ ಮಾಡಿಕೊಂಡಳು. ಬಾಯಿಂದ ಜೊಲ್ಲು ಸುರಿಯತೊಡಗಿತು, ಕಣ್ಣು ಮಂಜಾಗುತ್ತಿದೆ ಎಂದಳು. ಆಯಿ ಓಡಿ ಬಂದಳು. ಟಂಟಂ ಆಟೊ ಹಿಡಿದು ಹುಮನಾಬಾದಿನ ದವಾಖಾನೆಗೆ ಒಯ್ದೆವು. ದಾರಿಯುದ್ದಕ್ಕೂ ಕೂಸು ನನ್ನ ಮಡಿಲಲ್ಲಿತ್ತು. ಅಲ್ಲಿದ್ದ ಡಾಕ್ಟರಮ್ಮ ಕಣ್ಣಿಗೆ ಟಾರ್ಚು ಬಿಟ್ಟು ನೋಡಿ, ಹೆಸರನ್ನೂ ಕೇಳುವ ಮೊದಲು ಕೇಳಿದ್ದು ಇದನ್ನು: “ಎಣ್ಣಿ ಮುಟ್ಟ್ಯಾಳೇನು?” ಅಲ್ಲಿ ನನಗೆ ಮೈ ಉರಿಯಿತು. ಹೊರಗಿನ ಸಾಲಿನಲ್ಲಿ ಇಷ್ಟು ಜನ ಕಾಯುತ್ತಿರುವಾಗ ಒಂದೇ ನಿಮಿಷದಲ್ಲಿ ಈಕೆಗೆ ಹೊಳೆದ ಪ್ರಶ್ನೆ, ತಿಂಗಳುಗಟ್ಟಲೆ ಕೂತು ಫಾರಂ ತಯಾರಿಸಿದವರಿಗೆ ಹೊಳೆದಿರಲಿಲ್ಲ.

ಸೊಸೆ ಎರಡು ದಿನ ವಾರ್ಡಿನಲ್ಲಿದ್ದು ಚೇತರಿಸಿಕೊಂಡಳು. ಮೂರನೆಯ ದಿನ ನಗರದಿಂದ ನಮ್ಮ ಮುಖ್ಯ ವಿಜ್ಞಾನಿ ಬಂದರು. ಮೆಲುಮಾತಿನ ಮನುಷ್ಯ, ಒಮ್ಮೆಯೂ ನನ್ನ ಮೇಲೆ ದನಿ ಏರಿಸಿದವರಲ್ಲ. ಎಲ್ಲವನ್ನೂ ಹೇಳಿದೆ.

“ಪಾಪ, ಈಗ ಹೇಗಿದ್ದಾರೆ?” ಎಂದರು. ಆಮೇಲೆ, “ನೋಡಿ, ಅಂಚಿನಲ್ಲಿ ಬರೆಯಬೇಡಿ. ಕಂಪ್ಯೂಟರಿಗೆ ಹಾಕುವಾಗ ಅದಕ್ಕೆ ಜಾಗ ಇರುವುದಿಲ್ಲ.”

“ಸರ್, ಇವರೆಲ್ಲ ವಿಷ ಮುಟ್ಟುವವರು. ಹಸಿರು ಚೀಟಿ ಹೇಗೆ ಹಾಕುವುದು?”

“ಸಿಂಪಡಿಸುವವರು ಎಂದರೆ ಪಂಪು ಹಿಡಿಯುವವರು ಅಂತ ಮೊದಲೇ ತೀರ್ಮಾನ ಆಗಿದೆ. ಸಮಿತಿ ಒಪ್ಪಿದ ಫಾರಂ ಅದು. ನಡುವೆ ಬದಲಿಸಿದರೆ ಇಡೀ ಅಧ್ಯಯನ ಹಾಳಾಗುತ್ತದೆ.”

“ಬದಲಿಸದಿದ್ದರೆ?” ಎಂದು ಕೇಳಬೇಕಿತ್ತು. ಕೇಳಲಿಲ್ಲ. ಮನೆಯಲ್ಲಿ ಆ ಸಂಬಳದ ಅಗತ್ಯವಿತ್ತು ನಿಜ. ಆದರೆ ಬಾಯಿ ಕಟ್ಟಿದ್ದು ಸಂಬಳವೊಂದೇ ಅಲ್ಲ. ಇಷ್ಟು ಓದಿದವರಿಗೆ ಗೊತ್ತಿಲ್ಲದ್ದು ನನಗೇನು ಗೊತ್ತು ಎಂಬ ಅಳುಕು. ತೊಗರಿ ಕೊಯ್ಲಾಗುವ ತನಕ ಹಸಿರು ಚೀಟಿ ಅಂಟಿಸುತ್ತಲೇ ಇದ್ದೆ.

ಮರುವರ್ಷ ಬಿತ್ತನೆಗೆ ಮೊದಲು ಹುಮನಾಬಾದಿನ ಒಂದು ಮಂಗಲ ಕಾರ್ಯಾಲಯದಲ್ಲಿ ಫಲಿತಾಂಶ ತಿಳಿಸುವ ಸಭೆ ಇಟ್ಟರು. ಊಟದ ವ್ಯವಸ್ಥೆ ಇತ್ತು. ರಕ್ತ ಕೊಟ್ಟವರನ್ನೆಲ್ಲ ಕರೆದಿದ್ದರು. ಆಯಿ, ಸೊಸೆ, ಉಳಿದ ಹೆಂಗಸರು ಒಳ್ಳೆಯ ಸೀರೆ ಉಟ್ಟು ಬಂದು ಹಿಂದಿನ ಸಾಲಿನಲ್ಲಿ ಕೂತರು. ಆಯಿ ನನ್ನನ್ನು ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡಳು.

ನಮ್ಮ ಮುಖ್ಯ ವಿಜ್ಞಾನಿ ಪರದೆಯ ಮೇಲೆ ಚಿತ್ರ ತೋರಿಸುತ್ತ ಮೊದಲು ಕಾಯಿಯ ಬಗ್ಗೆ ಬಹಳ ಹೊತ್ತು ಮಾತಾಡಿದರು. ಬೇಳೆ ಕೊಳ್ಳುವ ಗ್ರಾಹಕರ ಆರೋಗ್ಯದ ಬಗ್ಗೆ ಒಳ್ಳೊಳ್ಳೆಯ ಮಾತೇ ಆಡಿದರು. ಕೊನೆಗೆ ರಕ್ತಕ್ಕೆ ಬಂದರು. ವಿಷ ಸೋಕಿದರೆ ರಕ್ತದಲ್ಲಿ ಕಡಿಮೆಯಾಗುವ ಒಂದು ಅಂಶವಿದೆ. ಅದು ಸಿಂಪಡಿಸುವವರಲ್ಲೂ ಸಿಂಪಡಿಸದವರಲ್ಲೂ ಹೆಚ್ಚೂಕಡಿಮೆ ಒಂದೇ ಇದೆ. ಆದ್ದರಿಂದ ಸಿಂಪರಣೆಯಿಂದ ವಿಶೇಷ ತೊಂದರೆ ಕಾಣುತ್ತಿಲ್ಲ ಎಂದರು. ಮುಂದಿನ ಸಾಲಿನ ಹೊಲದ ಮಾಲೀಕರು ತಲೆ ಆಡಿಸಿದರು.

ಆಯಿ ನನ್ನ ಕಡೆ ಬಾಗಿ ಕೇಳಿದಳು. “ಯವ್ವಾ, ನಮ್ಮನ್ನ ಯಾವ ಕಡಿ ಹಾಕ್ಯಾರ?”

“ಸಿಂಪಡಿಸದವರ ಕಡಿ.”

“ನನ್ನ ಸೊಸಿನ್ನೂ?”

“ಹೌದ್ ಆಯಿ.”

“ಯಾರ್ ಹಾಕಿದ್ರು?”

“ನಾನ ಹಾಕಿದ್ದು.”

ಅವಳು ಬೈಯಲಿಲ್ಲ. ಮೊಣಕಾಲು ಹಿಡಿದುಕೊಂಡು ಎದ್ದು ನಿಂತಳು.

“ಸಾಹೇಬ್ರ, ಒಂದ್ ಮಾತ್ರಿ. ಪಂಪ್ ಹೊರೋರು ಗಂಡಸರು, ಖರೇ. ಅದರಾಗ ಎಣ್ಣಿ ಕಲಸಿ ಹಾಕೋರು ಯಾರ್ರಿ? ನೀರು ತರೋರು ಯಾರು, ಅವರ ಅರಬಿ ಒಗಿಯೋರು ಯಾರು? ನೀವು ಕೇಳಲೇ ಇಲ್ಲಲ್ರಿ.”

“ಕೂತ್ಕೋ ಮುದುಕಿ, ಊಟಕ್ಕ ಹೊತ್ತಾಗ್ಯಾದ,” ಎಂದು ಮುಂದಿನಿಂದ ಒಬ್ಬರು ಕೂಗಿದರು. ಕೆಲವರು ನಕ್ಕರು. ಆ ನಗು ಕೇಳಿ ನಾನು ಎದ್ದೆ.

“ಫಾರಂ ತುಂಬಿದವಳು ನಾನು,” ಎಂದೆ. “ಈ ಹೆಂಗಸರ ಕೈ ಬಕೆಟ್ಟಿನೊಳಗೆ ಇದ್ದದ್ದನ್ನು ಕಣ್ಣಾರೆ ಕಂಡು ಇಲ್ಲ ಎಂದು ಗುರುತು ಹಾಕಿದೆ. ಒಬ್ಬಳನ್ನು ನಾನೇ ದವಾಖಾನೆಗೆ ಒಯ್ದೆ. ಎರಡು ಗುಂಪಿಗೂ ವಿಷ ತಾಗಿದ್ದರೆ ಫರಕು ಎಲ್ಲಿಂದ ಬರಬೇಕು? ಫರಕಿಲ್ಲ ಎಂದು ತೊಂದರೆಯೇ ಇಲ್ಲ ಅನ್ನಬೇಡಿ. ಅದು ಸುಳ್ಳಾಗುತ್ತದೆ.”

ಮುಖ್ಯ ವಿಜ್ಞಾನಿ ನೀರು ಕುಡಿದು, “ಇದು ಮುಖ್ಯವಾದ ಅಂಶ, ಅಧ್ಯಯನದ ಒಂದು ಮಿತಿ ಎಂದು ವರದಿಯಲ್ಲಿ ಸೇರಿಸುತ್ತೇವೆ,” ಎಂದರು. ಸೇರಿಸಿದರು ಕೂಡ. ಇಂಗ್ಲಿಷ್ ವರದಿಯ ಕೊನೆಯ ಪುಟಗಳಲ್ಲಿ ಒಂದು ವಾಕ್ಯ: ಕೆಲವು ಮಹಿಳೆಯರು ಪರೋಕ್ಷವಾಗಿ ಸಂಪರ್ಕಕ್ಕೆ ಬಂದಿರಬಹುದು. ಪರೋಕ್ಷ! ಮೊಣಕೈವರೆಗೆ ಮುಳುಗಿದ ಕೈ ಪರೋಕ್ಷವಂತೆ. ಮೊದಲ ಪುಟದ ತೀರ್ಮಾನ ಮಾತ್ರ ಒಂದಕ್ಷರವೂ ಬದಲಾಗಲಿಲ್ಲ. ಮುಂದಿನ ಹಂತಕ್ಕೆ ನನ್ನನ್ನು ಕರೆಯಲೂ ಇಲ್ಲ.

ಆದರೆ ಅಂದು ಊಟ ಬಿಟ್ಟು ಬಸ್ ನಿಲ್ದಾಣಕ್ಕೆ ನಡೆದ ಹೆಂಗಸರು ದಾರಿಯಲ್ಲೇ ಮಾತಾಡಿಕೊಂಡಿದ್ದರು. ಆ ಹಂಗಾಮಿನಲ್ಲಿ ಹೊಡೆಯುವ ದಿನ ಬಂದಾಗ ಆಯಿ ಮಾಲೀಕನಿಗೆ, “ನೀರ್ ತರ್ತೀವಿ, ಎಣ್ಣಿ ಮುಟ್ಟಂಗಿಲ್ಲ,” ಎಂದಳಂತೆ. ಅವನು ರೇಗಿ ಬೇರೆ ಊರಿನವರನ್ನು ಕರೆಸುತ್ತೇನೆ ಎಂದ. ನಾಲ್ಕು ದಿನ ಇವರಿಗೆ ಕೆಲಸವಿಲ್ಲ. ಬೇರೆಯವರು ಸಿಗದೆ, ಹುಳು ಕಾಯಿಯೊಳಗೆ ಇಳಿಯತೊಡಗಿದಾಗ ತಾನೇ ಆಯಿಯ ಮನೆಗೆ ಬಂದ. ಈಗ ಆ ಹೊಲದಲ್ಲಿ ಪಂಪು ಹೊರುವವರೇ ಕೈಗವಸು ಹಾಕಿಕೊಂಡು, ಕೋಲಿನಿಂದ ಕಲಸುತ್ತಾರೆ. ಹೊಡೆದ ಸಾಲಿನ ಕಾಯಿ ಯಾರೂ ಹರಿಯುವುದಿಲ್ಲ. ಇದನ್ನು ಮಾಡಿಸಿದ್ದು ಯಾವ ವರದಿಯೂ ಅಲ್ಲ.

ನಾನೀಗ ಬಸವಕಲ್ಯಾಣದ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಮೊನ್ನೆ ರಜೆಯ ದಿನ ದುಬಲಗುಂಡಿಗೆ ಹೋಗಿದ್ದೆ. ಆಯಿಯ ಜೊತೆ ಹೊಲದ ದಾರಿ ಹಿಡಿದಾಗ ಇನ್ನೊಬ್ಬರ ತೊಗರಿಯಲ್ಲಿ ನನಗೆ ಪರಿಚಯವಿಲ್ಲದ ಮೂವರು ಹೆಂಗಸರು ಡ್ರಮ್ಮಿನ ಸುತ್ತ ಕೂತಿದ್ದರು. ಒಬ್ಬಳ ಕೈ ಬಕೆಟ್ಟಿನೊಳಗಿತ್ತು. ಬದು ದಾಟಿ ಹೋದೆ.

“ಯಾರ್ರಿ ನೀವು? ಆಫೀಸಿನೋರೇನು?” ಎಂದಳು ಅವಳು, ಕೈ ತೆಗೆಯದೆ.

“ಅಲ್ಲ ತಂಗಿ. ಮೊದ್ಲು ಕೈ ತಗಿ, ಸಬಕಾರ ಹಚ್ಚಿ ತೊಳಕೋ. ಆಮ್ಯಾಲ ಹೇಳ್ತೀನಿ,” ಎಂದೆ. ಆಯಿ ಆಗಲೇ ಅವರದೊಂದು ಕೊಡ ಹಿಡಿದು ಬಾವಿಯ ಕಡೆ ಹೊರಟಿದ್ದಳು.